ಕೂಗಿ ಹೇಳಬೇಕಾದ ಮಾತು

ಗಂಗರತ್ನಮ್ಮ ಊಟಿ ನೋಡಲು ಹೊರಟವಳಲ್ಲ, ಗಂಡನಿಗೆ ಒಂದು ಮಾತು ಹೇಳಲು ಹೊರಟವಳು. ಗಂಡನ ಜೊತೆ ಮಾತಾಡಲು ಇನ್ನೂರು ಮೈಲಿ ಹೋಗಬೇಕೇ ಎಂದು ನಗುವವರು ಗಣಿ ಊರು ಕೋರಮಂಡಲ್‌ನ ಕೂಲಿ ಲೈನಿನಲ್ಲಿ ಒಂದು ವಾರ ಇದ್ದು ನೋಡಬೇಕು.

ಅವಳ ಗಂಡ ಕೊಂಡಪ್ಪ ಇಪ್ಪತ್ತೆಂಟು ವರ್ಷ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವ ಮಿಷನ್ ಹಿಡಿದವನು. ಆ ಸದ್ದಿಗೆ ಎರಡು ಕಿವಿಯೂ ಹೋಗಿದ್ದವು. ಪಕ್ಕದಲ್ಲೇ ನಿಂತು ಗಂಟಲು ಹರಿಯುವ ಹಾಗೆ ಕೂಗಿದರೆ ಮಾತ್ರ ಅಷ್ಟೋ ಇಷ್ಟೋ ಕೇಳುತ್ತಿತ್ತು. ಲೈನಿನ ಮನೆಗಳ ನಡುವೆ ಇದ್ದದ್ದೋ ಬರೀ ಬಿದಿರು ತಡಿಕೆ. ‘ಸಾರಿಗೆ ಉಪ್ಪು ಸಾಕಾ’ ಎಂದು ಇವಳು ಗಂಡನನ್ನು ಕೇಳಿದರೆ, ‘ನೆನ್ನೆ ಜಾಸ್ತಿ ಆಗಿತ್ತಂತಲ್ಲಮ್ಮ, ಇವತ್ತು ಕಮ್ಮಿ ಆಕು’ ಎಂದು ಪಕ್ಕದ ಮನೆಯ ಪಿಳ್ಳಮ್ಮ ಉತ್ತರ ಕೊಡುತ್ತಿದ್ದಳು. ಹಾಗಾಗಿ ಗಂಡಹೆಂಡಿರ ನಡುವೆ ಊರಿಗೆಲ್ಲ ಗೊತ್ತಾದರೂ ಚಿಂತೆಯಿಲ್ಲದ ಮಾತುಗಳಷ್ಟೇ ಉಳಿದಿದ್ದವು. ಮಿಕ್ಕದ್ದೆಲ್ಲ ಕೈಸನ್ನೆ. ಸನ್ನೆಯಲ್ಲೂ ಹೇಳಲಾಗದ್ದನ್ನು ಅವಳು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು.

ಅವರಿಗೆ ಅಮ್ಮಾಜಿ ಎಂಬ ಮಗಳಿದ್ದಳು. ನಾಲ್ಕು ತುಂಬುವ ಹೊತ್ತಿಗೆ ವಿಷಮಜ್ವರ ಬಂತು. ಗಂಗರತ್ನಮ್ಮ ಮೂರು ದಿನ ಹಗಲೂ ರಾತ್ರಿ ಎದ್ದೇ ಕೂತಿದ್ದಳು. ನಾಲ್ಕನೆಯ ದಿನ ಕೊಂಡಪ್ಪ ಬೆಳಗಿನ ಪಾಳಿಗೆ ಹೋದ ಮೇಲೆ, ಒಂದು ಗಳಿಗೆ ಎಂದು ಮಗುವಿನ ಪಕ್ಕ ಒರಗಿದಳು. ಎಚ್ಚರವಾದಾಗ ಮಗು ತಣ್ಣಗಾಗಿತ್ತು. ಸುದ್ದಿ ಮುಟ್ಟಿ ಗಣಿಯಿಂದ ಓಡಿಬಂದ ಕೊಂಡಪ್ಪ, ಲೈನಿನವರೆಲ್ಲ ಸುತ್ತ ನಿಂತಿದ್ದಾಗ, ಕೇಳಿದ್ದು ಒಂದೇ. ‘ಕಡೇಲಿ ಏನಾನ ಅಂದ್ಲಾ?’ ನಿದ್ದೆ ಹೋಗಿದ್ದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ‘ಅಪ್ಪಾ ಅಂದ್ಲು’ ಎಂದು ಕೂಗಿ ಹೇಳಿದಳು.

ಅದಾಗಿ ಹನ್ನೆರಡು ವರ್ಷ. ಯಾರೇ ಸಿಗಲಿ, ಕೊಂಡಪ್ಪ ತನ್ನ ದೊಡ್ಡ ಗಂಟಲಿನಲ್ಲಿ, ‘ನನ್ನ ಎಂಡ್ತಿ ಮಗು ಉಸಿರು ನಿಲ್ಲೋವರ್ಗೂ ರೆಪ್ಪೆ ಮುಚ್ಲಿಲ್ಲ’ ಎಂದು ಹೊಗಳುತ್ತಿದ್ದ. ಹೊಗಳಿದಾಗಲೆಲ್ಲ ಅವಳಿಗೆ ಬರೆ ಎಳೆದಂತಾಗುತ್ತಿತ್ತು. ಬೈಸಿಕೊಂಡು ಬಾಳಬಹುದು, ಸಲ್ಲದ ಹೊಗಳಿಕೆ ಹೊತ್ತುಕೊಂಡು ಬಾಳುವ ಕಷ್ಟ ಯಾರಿಗೂ ಬೇಡ. ಈ ಮನುಷ್ಯ ಇನ್ಯಾರೋ ಒಳ್ಳೆಯ ಹೆಂಗಸಿನ ಜೊತೆ ಸಂಸಾರ ಮಾಡುತ್ತಿದ್ದಾನೆ, ಈ ಮನೆಯಲ್ಲಿ ನಾನು ಒಬ್ಬಳೇ ಇದ್ದೇನೆ ಎನ್ನಿಸುತ್ತಿತ್ತು. ಒಂದು ಸಲ ಸನ್ನೆಯಲ್ಲೇ ಹೇಳಿಬಿಡೋಣ ಎಂದು ಮಗಳ ಹಳೆಯ ಲಂಗ ತೋರಿಸಿ, ಅಂಗೈ ಕೆನ್ನೆಗಿಟ್ಟು ಕಣ್ಣು ಮುಚ್ಚಿದಳು. ಅವನು ಲಂಗವನ್ನು ಜೋಪಾನವಾಗಿ ಮಡಿಸಿಟ್ಟು, ಹೆಂಡತಿಗೆ ನಿದ್ದೆ ಬಂದಿದೆ ಎಂದು ಚಾಪೆ ಹಾಸಿಕೊಟ್ಟ.

ಅರವತ್ತಮೂರನೆಯ ಇಸವಿಯಲ್ಲಿ ಅವಳ ತಮ್ಮ ಆಂಜಿನಪ್ಪ, ಬಂಗಾರಪೇಟೆಯ ಮಂಡಿಯೊಂದರ ಲಾರಿ ಓಡಿಸುತ್ತಿದ್ದವನು, ಬಿತ್ತನೆ ಆಲೂಗಡ್ಡೆ ತರಲು ಊಟಿಗೆ ಹೊರಟ. ‘ಬಾವ, ಇಷ್ಟು ವರ್ಷ ಭೂಮಿ ಒಳಕ್ಕೆ ಇಳ್ದಿದ್ದಾಯ್ತು. ಒಂದ್ಸಲ ಮೇಲಕ್ಕೂ ಅತ್ತಿ ಬಾ’ ಎಂದು ಕರೆದ. ಕೊಂಡಪ್ಪ ಹೂಂ ಎನ್ನುವ ಮೊದಲೇ ಗಂಗರತ್ನಮ್ಮ ರೊಟ್ಟಿ ಕಟ್ಟಿದಳು. ಬೆಟ್ಟದ ಮೇಲೆ ಪಿಳ್ಳಮ್ಮ ಇರುವುದಿಲ್ಲ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

ಬೆಂಗಳೂರು, ಮೈಸೂರು ದಾಟಿ ಮರುದಿನ ಬೆಳಿಗ್ಗೆ ಬಂಡೀಪುರದ ಕಾಡು ಹೊಕ್ಕರು. ಕೊಂಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ರತ್ನಿ, ಎಷ್ಟು ಬೆಳಕು ನೋಡೇ, ಯಾರಿಗೂ ಬೇಡದಂಗೆ ಬಿದ್ದೈತಲ್ಲ’ ಎಂದ. ಜಿಂಕೆಗಳನ್ನು ಕಂಡರೆ ಅವನ ಗಂಟಲು ಇನ್ನೂ ಏರುತ್ತಿತ್ತು. ಒಂದು ತಿರುವಿನಲ್ಲಿ ಆನೆಗಳ ಹಿಂಡು ಮರಿಯೊಂದಿಗೆ ರಸ್ತೆಗೆ ಬಂತು. ಆಂಜಿನಪ್ಪ ಇಂಜಿನ್ ನಿಲ್ಲಿಸಿ, ಬಾವನ ಬಾಯಿಯ ಮೇಲೆ ಕೈಯಿಟ್ಟು, ‘ಅಕ್ಕ, ಉಸಿರು ಬಿಡಬೇಡ’ ಎಂದು ಪಿಸುಗುಟ್ಟಿದ. ಗಂಗರತ್ನಮ್ಮನಿಗೆ ಆ ಹೆದರಿಕೆಯಲ್ಲೂ ನಗು ಬಂತು. ಕೂಗಲು ಜಾಗ ಹುಡುಕಿಕೊಂಡು ಇಷ್ಟು ದೂರ ಬಂದರೆ, ಇಲ್ಲೂ ಬಾಯಿ ಮುಚ್ಚಿಕೊಂಡೇ ಕೂರಬೇಕು. ತಾಯಾನೆ ಮರಿಯನ್ನು ಸೊಂಡಿಲಿನಲ್ಲಿ ತಳ್ಳಿಕೊಂಡು ರಸ್ತೆ ದಾಟಿಸಿತು. ಆ ಮರಿಯನ್ನೇ ನೋಡುತ್ತಿದ್ದ ಗಂಡನ ಕಣ್ಣಲ್ಲಿ ನೀರು ಕಂಡು ಅವಳ ನಗು ನಿಂತುಹೋಯಿತು.

ಗೂಡಲೂರು ಬಿಟ್ಟು ಘಾಟಿ ಅರ್ಧ ಹತ್ತಿರಬೇಕು, ಲಾರಿಯ ನೀರು ಕುದಿಯಲು ಶುರುವಾಯಿತು. ಆಂಜಿನಪ್ಪ ಡಬ್ಬ ಹಿಡಿದು, ಹಿಂದೆ ಬಿಟ್ಟುಬಂದ ತೊರೆಯ ಕಡೆಗೆ ನಡೆದ. ಗಂಡಹೆಂಡತಿ ರಸ್ತೆಯ ಅಂಚಿನ ಮೋರಿಕಟ್ಟೆಯ ಮೇಲೆ ಕೂತರು. ಕೆಳಗೆ ಕಣಿವೆ, ಎದುರಿಗೆ ಒಂದರ ಹಿಂದೆ ಒಂದು ಬೆಟ್ಟ. ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಗಂಡನ ಹತ್ತಿರಕ್ಕೆ ಸರಿದು ಕೂತಳು.

‘ಅಮ್ಮಾಜಿ ಸಾಯೋವಾಗ ನಾನು ನಿದ್ದೆ ಮಾಡ್ತಿದ್ದೆ’ ಎಂದು ಕೂಗಿದಳು.

‘ಆ?’ ಎಂದ ಕೊಂಡಪ್ಪ.

ಮತ್ತೆ ಕೂಗಿದಳು. ಅವನು ಕಿವಿಯ ಹಿಂದೆ ಕೈಯಿಟ್ಟು ಬಾಗಿದ. ಒಂದು ಸಲ ಹೇಳಲು ಹನ್ನೆರಡು ವರ್ಷ ಧೈರ್ಯ ಕೂಡಿಸಿದವಳು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯೊಳಗೇ ಕೂಗಿದಳು. ಅವನ ಮುಖ ನೋಡಿದರೆ ಕೇಳಿಸಿತೆಂದು ಗೊತ್ತಾಯಿತು.

ಅವನು ಅವಳ ಕೈಗಳನ್ನು ತನ್ನ ತಲೆಯಿಂದ ಮೆಲ್ಲಗೆ ಬಿಡಿಸಿದ. ಆಮೇಲೆ, ‘ಮೂರು ದಿನ ಎದ್ದಿದ್ದೋಳು. ನಿದ್ದೆ ಬರ್ದೆ ಇರಾಕೆ ನೀನೇನು ಕಲ್ಲಾ?’ ಎಂದು ಅವಳ ಬೆನ್ನ ಮೇಲೆ ಕೈಯಿಟ್ಟ. ‘ಇದುನ್ನ ಇಟ್ಕೊಂಡು ಇಷ್ಟು ದಿನ ಕೊರಗ್ತಿದ್ದಾ?’

ಗಂಗರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಗಂಡ ತನ್ನ ಪಕ್ಕದಲ್ಲೇ ಕೂತಿದ್ದಾನೆ ಎಂದು ಅವಳಿಗೆ ಎಷ್ಟೋ ವರ್ಷದ ಮೇಲೆ ಅನ್ನಿಸಿತು. ಅಳು ಮುಗಿದು ಮೂಗು ಒರೆಸಿಕೊಳ್ಳುವಾಗ ಬೆನ್ನ ಮೇಲಿನ ಕೈ ನಿಧಾನವಾಗಿ ಸರಿಯಿತು.

‘ಮತ್ತೆ, ಅಪ್ಪಾ ಅಂದಿದ್ದು?’ ಎಂದು ಕೊಂಡಪ್ಪ ಕೇಳಿದ.

ಅವಳು ಇದನ್ನು ಯೋಚಿಸಿರಲೇ ಇಲ್ಲ. ಇಷ್ಟು ವರ್ಷ ತನ್ನ ನಿದ್ದೆಯೊಂದನ್ನೇ ತಿರುವಿ ಮುರುವಿ ನೋಡಿಕೊಂಡಿದ್ದವಳಿಗೆ, ತನ್ನ ಭಾರ ಇಳಿಸಿದರೆ ಅವನ ಪಾಲಿಗೆ ಇದ್ದ ಒಂದೇ ಒಂದು ಮಾತೂ ಅದರ ಜೊತೆಗೇ ಹೋಗುತ್ತದೆ ಎಂದು ಹೊಳೆದಿರಲಿಲ್ಲ. ಗಣಿಯಿಂದ ಓಡಿಬಂದ ದಿನದ ಮುಖವೇ ಅವಳೆದುರಿಗಿತ್ತು, ಈಗ ಕೂದಲು ನೆರೆತಿತ್ತು ಅಷ್ಟೆ. ಕದ್ದು ಕೇಳುವ ಪಿಳ್ಳಮ್ಮ ಇರಲಿಲ್ಲ. ನಿಜ ಹೇಳಬೇಡವೆಂದು ತಡೆಯುವವರು ಯಾರೂ ಇರಲಿಲ್ಲ.

‘ನಂಗೆ ನಿದ್ದೆ ಅತ್ತೋಕೆ ಮುಂಚೆ ಅಂದ್ಲು’ ಎಂದು ಕೂಗಿದಳು. ಅದು ಸಾಲದು ಎನ್ನಿಸಿ, ‘ಎರಡು ಸಲ ಅಂದ್ಲು’ ಎಂದು ಸೇರಿಸಿದಳು.

ಇದು ಅವನಿಗೆ ಮೊದಲ ಸಲಕ್ಕೇ ಕೇಳಿಸಿತು. ‘ಎರಡು ಸಲಾನಾ?’ ಎಂದ. ಎದ್ದು ನಿಂತ, ಪಂಚೆ ಎತ್ತಿ ಕಟ್ಟಿದ. ಕೆಳಗಿನ ತಿರುವಿನಲ್ಲಿ ಆಂಜಿನಪ್ಪ ನೀರಿನ ಡಬ್ಬ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದ. ಅವನು ಹತ್ತಿರ ಬರುವವರೆಗೂ ಕಾಯಲಾರದೆ ಕೊಂಡಪ್ಪ ಅಲ್ಲಿಂದಲೇ, ‘ಲೋ ಆಂಜಿ, ಅಮ್ಮಾಜಿ ನನ್ನ ಎರಡು ಸಲ ಕರ್ದಿತ್ತಂತೆ ಕಣ್ಲಾ’ ಎಂದು ಕೂಗಿದ. ಆಂಜಿನಪ್ಪ ಡಬ್ಬ ಕೆಳಗಿಟ್ಟು ಅಕ್ಕನ ಕಡೆ ನೋಡಿದ.

ಗಂಗರತ್ನಮ್ಮ ಹೌದೆಂದು ತಲೆಯಾಡಿಸಿದಳು. ಆಮೇಲೆ ಇಬ್ಬರಿಗಿಂತ ಮೊದಲು ಲಾರಿ ಹತ್ತಿ ಕೂತಳು. ಈ ಮಾತನ್ನು ಯಾವ ಬೆಟ್ಟದ ಮೇಲೆ ನಿಂತರೂ ತಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.