ನಾಲ್ಕು ನೀಲಿಗಳ ಗೋಡೆ

ಪುಷ್ಯಮಾಸದ ಮುಂಜಾವು! ಬಬಲೇಶ್ವರದಿಂದ ವಿಜಾಪುರಕ್ಕೆ ಬರುವ ದಾರಿಯ ಇಕ್ಕೆಲದ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಗಳು ಹಾಲುಗಾಳಿನ ಭಾರಕ್ಕೆ ತಲೆಬಾಗಿ ಇಬ್ಬನಿಯ ಮುತ್ತುಗಳನ್ನು ಒಂದೊಂದಾಗಿ ಭೂಮಿಗೆ ಅರ್ಪಿಸುತ್ತಿದ್ದವು. ನಡುನಡುವಿನ ಸಾಲುಗಳಲ್ಲಿ ಅಗಸೆಯ ಪುಟ್ಟ ಹೂಗಳು, ಈಗತಾನೆ ಎಚ್ಚೆತ್ತ ಶಿಶುವಿನ ಕಣ್ಣುಗಳಂತೆ, ನೀಲಿಯೋ ನೇರಳೆಯೋ ನೋಡುವವನೇ ನಿರ್ಧರಿಸಲೆಂಬಂತೆ ಅರಳಿ ನಿಂತಿದ್ದವು... ಬಿಸಿಲೇರಿದರೆ ಉದುರಿಬಿಡುವ ಹೂವದು. ಸಹೃದಯರೇ, ಅಷ್ಟು ಅಲ್ಪಾಯುಷಿಯಾದ ವರ್ಣವೈಭವವನ್ನು ಕಂಡು ಯಾರ ಮನ ತಾನೇ ಹಿಗ್ಗದು! ಆದರೆ ವಿಜಾಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಪ್ರಲ್ಹಾದನಿಗೆ ಅಂದು ಬಣ್ಣವೆಂಬ ಶಬ್ದವೇ ಎದೆಯ ಮೇಲೊಂದು ಬಂಡೆಯಾಗಿತ್ತು.

ಅವನ ಕಣ್ಣಿಗೆ ನೀಲಿಗೂ ನೇರಳೆಗೂ ಭೇದವೇ ಇರಲಿಲ್ಲ. ಹಗಲು ಗುಮಾಸ್ತಿಕೆ ಮಾಡಿ ಸಂಜೆಯ ಕಾಲೇಜಿನಲ್ಲಿ ಪದವಿ ಪಡೆದ ಈ ಸಂಕೋಚದ ತರುಣನಿಗೆ ತನ್ನ ಕೊರತೆ ತಿಳಿದದ್ದೇ ರೈಲ್ವೆ ನೌಕರಿಯ ಕಣ್ಣಿನ ಪರೀಕ್ಷೆಯಲ್ಲಿ. ಆ ನೌಕರಿ ಕೈತಪ್ಪಿತು. ಸುದ್ದಿ ಕನಮಡಿಯನ್ನು ಮುಟ್ಟಿ, ಅಲ್ಲಿ ನಿಶ್ಚಯವಾಗಿದ್ದ ಸಂಬಂಧವೂ ಮುರಿದುಬಿತ್ತು. ಈಗ ತುಂಗಾ... ಬಬಲೇಶ್ವರದ ಕನ್ಯಾಶಾಲೆಯ ಶಿಕ್ಷಕಿ, ಒಮ್ಮೆ ಕಂಡಷ್ಟಕ್ಕೇ ಅವನ ಹಗಲಿರುಳುಗಳನ್ನು ತುಂಬಿದವಳು! ಮಾಘದಲ್ಲಿ ಮದುವೆ. "ಈ ಸಲ ಬಾಯಿ ಬಿಟ್ಟಿ ಅಂದ್ರ ನನ್ನ ಹೆಣಾ ನೋಡ್ತಿ, ಪ್ರಲ್ಹಾದಾ" ಎಂದು ತಾಯಿ ಆಣೆ ಹಾಕಿದ್ದಳು. ಅಷ್ಟರಲ್ಲಿ ತುಂಗಾಳ ಪತ್ರ ಬಂದಿತ್ತು: ನಮ್ಮ ಕೋಣೆಗೆ ನೀಲಿ-ನೇರಳೆಯ ಛಾಯೆ ಇರಲಿ, ಯಾವುದೆಂಬುದನ್ನು ಇಬ್ಬರೂ ಕೂಡಿಯೇ ನೋಡೋಣ.

ಬಸ್ಸಿಳಿದ ತುಂಗಾಳ ಹಿಂದೆಯೇ ತಿಕೋಟೆಯ ಅವಳ ಚಿಕ್ಕಮ್ಮ, ಮಾವಶಿ ರಾಧಾಬಾಯಿ ಇಳಿದಳು.

"ಏನ್ರಿ ಅಳಿಯಂದ್ರ, ಮಾರಿ ಯಾಕ ಹಿಂಗ ಸೊರಗ್ಯದ? ನಾವು ಹುಡುಗಿ ಕೊಡ್ಲಿಕ್ಕೆ ಬಂದೇವಿ, ಜಪ್ತಿ ಮಾಡ್ಲಿಕ್ಕೆ ಅಲ್ಲ!"

ಇಬ್ರಾಹಿಂಪುರದಲ್ಲಿ, ರೈಲುಹಳಿಯ ಬದಿಯಲ್ಲಿ ಅವನ ಮನೆ. ಮಾವಶಿ ಅವನ ತಾಯಿಯೊಡನೆ ಅಡಿಗೆಮನೆ ಸೇರಿದಳು. ಒಳಕೋಣೆಯ ಗೋಡೆಯ ಮೇಲೆ ಬಣ್ಣ ಬಳಿಯುವ ದಾದಾಸಾಬ ಸುಣ್ಣದಲ್ಲಿ ಬಣ್ಣ ಕಲಸಿ ಅಂಗೈಯಗಲದ ನಾಲ್ಕು ಪಟ್ಟಿಗಳನ್ನು ಹಚ್ಚಿದ್ದ. ನಿನ್ನೆಯೇ ಪ್ರಲ್ಹಾದ ಅವುಗಳ ಹೆಸರನ್ನು ಎಡದಿಂದ ಬಲಕ್ಕೆ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದ: ಆಕಾಶನೀಲಿ, ಅಗಸೆ ಹೂ, ಬದನೆ ಹೂ, ನೇರಳೆ ಹಣ್ಣು... ರಾತ್ರಿ ಹಾಸಿಗೆಯಲ್ಲೂ ಅದೇ ಜಪ!

"ಬರ್ರಿ ಬಾಯಾರ, ನೋಡ್ರಿ. ಯಾವುದು ಮನಸಿಗೆ ಬರತೈತಿ ಹೇಳ್ರಿ, ಸಂಜಿ ಅನ್ನೂದ್ರಾಗ ಖೋಲಿ ಮುಗಸ್ತೇನಿ" ಎಂದ ದಾದಾಸಾಬ.

ತುಂಗಾ ಗೋಡೆಯ ಮುಂದೆ ಬಹುಹೊತ್ತು ನಿಂತಳು. "ನಂಗ ಬದನಿ ಹೂವಿನ ಬಣ್ಣ ಭಾಳ ಸೇರ್ತದ. ನಿಮಗ?"

"ನನಗೂ ಅದ ಸೇರ್ತದ! ಈ ಮೂರನೇದು... ನಿನ್ನೆಯಿಂದ ಇದನ್ನ ನೋಡ್ಕೋತ ನಿಂತೀನಿ. ಎಷ್ಟು ಛಂದ ಅದಲ್ರಿ, ಬದನಿ ಹೂ!"

ದಾದಾಸಾಬನ ಕುಂಚ ನಡುದಾರಿಯಲ್ಲಿ ನಿಂತಿತು. ತುಂಗಾ ಪಟ್ಟಿಯನ್ನು ನೋಡಿದಳು. ಅವನ ಮುಖವನ್ನು ನೋಡಿದಳು. "ಆಗ್ಲಿ. ಅದನ್ನ ಹಚ್ರಿ" ಎಂದಷ್ಟೇ ನುಡಿದು, ಸೆರಗು ಹೊದ್ದುಕೊಂಡು ಬಾಗಿಲಿನತ್ತ ತಿರುಗಿದಳು.

ಬದುಕಿದೆ! ಯಾರೂ ಏನೂ ಕೇಳಲಿಲ್ಲ... ಆದರೆ ಹೊರಳಿದ ಆ ಮುಖದಲ್ಲಿ, ಮೋಡ ಹಾಯ್ದ ಹೊಲದಲ್ಲಿ ಬಿಸಿಲು ಅಳಿಯುವಂತೆ, ಏನೋ ಅಳಿದುಹೋದದ್ದನ್ನು ಪ್ರಲ್ಹಾದ ಕಂಡ. ಬಣ್ಣ ತಿಳಿಯದ ಆ ಕಣ್ಣುಗಳಿಗೆ ಬೆಳಕು ಆರುವುದು ಮಾತ್ರ ಎಂದೂ ತಪ್ಪಿರಲಿಲ್ಲ. ಸುಮ್ಮನಿದ್ದರೆ ಮದುವೆ ಉಳಿಯುತ್ತದೆ, ಹೌದು. ಆದರೆ ಈ ಮುಖವನ್ನು ಹೀಗೆಯೇ ಕಳಿಸಿ ತಾನು ಉಳಿಸಿಕೊಳ್ಳುವುದಾದರೂ ಏನನ್ನು?

"ನಿಲ್ರಿ... ನಾ ತಪ್ಪು ತೋರಿಸಿದೆ, ಹೌದಲ್ರಿ?"

ಉತ್ತರ ಕೊಟ್ಟವನು ದಾದಾಸಾಬ: "ಅದು ಆಕಾಶನೀಲಿರಿ, ಸಾಹೇಬ್ರ. ನಿನ್ನಿವು ಒಣಗಿ ಸಪ್ಪಗಾಗಿದ್ದುವು, ಮುಂಜಾನೆ ನೀವು ಸ್ಟ್ಯಾಂಡಿಗೆ ಹೋದ ಮ್ಯಾಲ ಎಲ್ಲಾ ತಿಕ್ಕಿ ಹೊಸದಾಗಿ ಹಚ್ಚೇನಿ. ಸಾಲು ಅದಲಿ ಬದಲಿ ಆಗೇತಿ."

ಪ್ರಲ್ಹಾದ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಪರೀಕ್ಷೆ, ಕನಮಡಿ, ತಾಯಿಯ ಆಣೆ, ಮಗ್ಗಿಯಂತೆ ಉರುಹೊಡೆದ ನಾಲ್ಕು ಹೆಸರು... "ನನಗ ಇವೆಲ್ಲಾ ನೀಲಿನರಿ. ಮುಚ್ಚಿಟ್ಟಿದ್ದೆ. ಈಗ ನೀವು ಏನು ಅಂದ್ರೂ ಖರೇನ."

ಹೊರಗೆ ಹಳಿಗಳ ಮೇಲೆ ಒಂದು ಗೂಡ್ಸ್ ಗಾಡಿ ಹಾಯತೊಡಗಿತು. ಮುಗಿಯುವಂತೆಯೇ ಇರಲಿಲ್ಲ ಅದು! ಕೊನೆಗೂ ಸದ್ದಡಗಿದಾಗ ತುಂಗಾ ಕೇಳಿದಳು:

"ಅಷ್ಟನಾ?"

"ಅಷ್ಟ ಅಂದ್ರ..."

"ನಾ ಏನು ತಿಳ್ಕೊಂಡಿದ್ದೆ ಗೊತ್ತದೇನು ನಿಮಗ? ನಾ ಯಾವ ಪತ್ರ ಬರೆದ್ರೂ ನಿಮ್ಮ ಉತ್ತರ 'ನಿಮ್ಮಿಷ್ಟ, ನಿಮ್ಮಿಷ್ಟ'. ಇವತ್ತು ಗೋಡಿ ಸುದ್ದಾ ನೋಡದ ಹೂಂ ಅಂದ್ರಿ. ತಾಯಿ ಒತ್ತಾಯಕ್ಕ ನನ್ನ ಕಟ್ಟಿಕೊಳ್ಲಿಕತ್ತಾರ ಅಂತ... ಒಳಗ ಹೋಗಿ, 'ಮಾವಶಿ, ಏಳು, ಈ ಮದುವಿ ಬ್ಯಾಡ' ಅನ್ನೋವಿದ್ದೆ!" ಹೇಳುತ್ತಲೇ ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು, ಒರಸಿಕೊಳ್ಳುತ್ತಲೇ ನಕ್ಕುಬಿಟ್ಟಳು. "ಈ ಸೀರಿ ಯಾವ ಬಣ್ಣದ್ದು, ಹೇಳ್ರಿ ನೋಡೋಣ?"

"ನೀ... ನೀಲಿ?"

"ಅಚ್ಚ ನೇರಳೆ ಹಣ್ಣು! ನಿಮಗಂತ ಆರಿಸಿ ಉಟ್ಟು ಬಂದೀನಿ, ದೇವ್ರ!"

ಪ್ರಲ್ಹಾದನೂ ನಕ್ಕ. ಎಷ್ಟೋ ವರ್ಷಗಳಿಂದ ಮುಷ್ಟಿ ಹಿಡಿದಿದ್ದ ಎದೆ, ಮೊದಲ ಮಳೆಗೆ ಬಾಯ್ದೆರೆದ ನೆಲದಂತೆ ಸಡಿಲವಾಯಿತು. ಆ ಹಗುರತನದಲ್ಲಿ ಮಾತು ತಾನಾಗಿ ಬಂತು: "ಆದ್ರ ಒಂದು ಹೇಳ್ತೀನಿ. ಆ ಕೊನೀ ಪಟ್ಟಿಯ ಕೆಳಗಿನ ಗೋಡಿ ಇನ್ನೂ ಹಸಿ ಅದ, ಅಲ್ಲಿ ಹೊಳಪು ಬ್ಯಾರೆ ಕಾಣಸ್ತದ."

ದಾದಾಸಾಬ ಅಂಗೈ ಇಟ್ಟು ನೋಡಿದ. "ಖರೇನ ಐತಿ! ನನಗ ಕಾಣ್ಲಿಲ್ಲಲ್ರಿ ಇದು!"

"ಬಣ್ಣದ ಹೆಸರು ನಾ ಹೇಳ್ತೀನಿ, ಹಸಿ-ಒಣ ಇವರು ನೋಡ್ತಾರ. ಸಂಸಾರಕ್ಕ ಸಾಕಲ್ರಿ, ದಾದಾಸಾಬ?" ಎಂದು, ತುಂಗಾ ಮತ್ತೆ ಪ್ರಲ್ಹಾದನ ಬದಿಗೆ ಬಂದು ನಿಂತಳು. "ಹೆಸರು ಬಿಡ್ರಿ. ನಿಮ್ಮ ಕಣ್ಣಿಗೆ ಯಾವುದು ಛಂದ ಕಾಣಸ್ತದ?"

ಆ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲ; ಎಲ್ಲರೂ ಪರೀಕ್ಷೆಯನ್ನಷ್ಟೇ ಮಾಡಿದ್ದರು. ಅವನು ನಿಧಾನವಾಗಿ ನಾಲ್ಕನ್ನೂ ನೋಡಿ ಎರಡನೆಯ ಪಟ್ಟಿಯ ಬಳಿ ಬೆರಳಿಟ್ಟ. "ಇದರ ಮ್ಯಾಲ ಬೆಳಕು ಸ್ವಲ್ಪ ಹೊತ್ತು ಕುಂತು ಹೋಗ್ತದ."

"ಹಂಗಾದ್ರ ಇದ." ಅವಳು ಅದರ ಹೆಸರು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮನುಷ್ಯನು ತನ್ನ ಕೊರತೆಯನ್ನು ಬಚ್ಚಿಡುವುದು ಪ್ರೀತಿ ಕೈಬಿಟ್ಟೀತೆಂಬ ಭಯದಿಂದ. ಆದರೆ ಬಚ್ಚಿಟ್ಟ ಆ ಎಡೆಯೇ ಎದುರಿನವರಿಗೆ ಪ್ರೀತಿಯೇ ಇಲ್ಲದ ಎಡೆಯಾಗಿ ತೋರುತ್ತದೆ! ಎಷ್ಟು ಹೃದಯಗಳು ಹೀಗೆ ಒಂದನ್ನೊಂದು ತಪ್ಪಾಗಿ ಓದಿಕೊಂಡು ದೂರ ಸರಿದಿವೆಯೋ... ಮುಚ್ಚಿದ ಕದ ತೆರೆದಾಗ ಒಳಗಿರುವುದು ಬಹುಶಃ ಇಷ್ಟೇ: ತನ್ನನ್ನು ಬಿಟ್ಟುಹೋಗಬೇಡವೆಂದು ಕೇಳಲು ಅಂಜಿ ನಿಂತ ಒಂದು ಜೀವ.