ಹಸಿರು ಬಳಿದ ಜೆರ್ಸಿ

ಯಾಕೂಬ್ ಏಣಿಯ ತುದಿಯಲ್ಲಿ ನಿಂತು ಹಗ್ಗದ ಕೊನೆಯ ಗಂಟನ್ನು ಹಲ್ಲಿನಿಂದ ಎಳೆದು ಬಿಗಿಮಾಡುತ್ತಿದ್ದಾಗ ಕೆಳಗಿನಿಂದ ಇರ್ಷಾದನ ಸ್ವರ ಕೇಳಿತು.

"ಯಾಕೂಬಾಕ, ಕೆಳಗೆ ಇಳೀರಿ."

ಇರ್ಷಾದನ ಕಂಕುಳಲ್ಲಿ ಕಫನ್ ಬಟ್ಟೆಯ ಕಟ್ಟಿತ್ತು, ಕೈಯಲ್ಲಿ ಕರ್ಪೂರದ ಪೊಟ್ಟಣ. ಬೆಳಗ್ಗೆ ಸುಬಹ್ ನಮಾಝ್ ಮುಗಿಸಿ ಬಂದು, ಚಹಾ ಕೇಳಿ, ಚಹಾ ಬರುವ ಮೊದಲೇ ಪ್ರಾಣ ಬಿಟ್ಟ ತಂದೆಗಾಗಿ ಅವನು ಪೇಟೆಗೆ ಬಂದಿದ್ದ. ಬಂದು ನೋಡಿದರೆ, ಫರಂಗಿಪೇಟೆಯ ಹೆದ್ದಾರಿಯಿಂದ ಮಸೀದಿಗೆ ತಿರುಗುವ ಬಾಯಲ್ಲೇ, ಎರಡು ಕಂಬಗಳ ನಡುವಿನ ಫ್ಲೆಕ್ಸಿನಲ್ಲಿ, ಆ ತಂದೆ ಬದುಕಿದ್ದಾಗ ಎಂದೂ ಇರದಷ್ಟು ದೊಡ್ಡವರಾಗಿ ಗಾಳಿಗೆ ತೂಗುತ್ತಿದ್ದರು.

ಎಡಗಾಲು ಬೀಸಿದ ಮೊಯಿದಿನಬ್ಬ. ಕಾಲಿನ ಮುಂದೆ ಚೆಂಡು. ಮೈಮೇಲೆ ಊರಿನ ಹೊಳೆಬದಿ ಕ್ಲಬ್ಬಿನ ಹಸಿರು ಜೆರ್ಸಿ. ಅಡಿಯಲ್ಲಿ ದಪ್ಪ ಅಕ್ಷರ: 'ಹೊಳೆಬದಿಯ ಹೆಮ್ಮೆಯ ಎಡಗಾಲು ಇನ್ನಿಲ್ಲ.'

ಆ ಫೋಟೋ ಇರ್ಷಾದನಿಗೆ ಚೆನ್ನಾಗಿ ಗೊತ್ತಿತ್ತು. ಅದು ಹಸಿರಲ್ಲ. ಯಾರೋ ಕಂಪ್ಯೂಟರಿನಲ್ಲಿ ನೀಲಿಯ ಮೇಲೆ ಹಸಿರು ಬಳಿದಿದ್ದರು. ಹೆಗಲ ಮೇಲಿನ ಎರಡು ಬಿಳಿ ಪಟ್ಟಿಗಳನ್ನು ಅಳಿಸಲು ಮರೆತಿದ್ದರು. ಅಂಥ ಪಟ್ಟಿ ಇದ್ದದ್ದು ಮೂಡುಬಿದಿರೆಯ ಜೋಡುಕೆರೆ ಫ್ರೆಂಡ್ಸ್‌ನವರಿಗೆ. ಚಿತ್ರದ ಅಂಚಿನಲ್ಲಿ, ಚೆಂಡಿಗೆ ಗೇಣು ದೂರದಲ್ಲಿ, ಯಾರದೋ ನಾಲ್ಕು ಬೆರಳುಗಳು ನೆಲದಿಂದ ಚಾಚಿಕೊಂಡಿದ್ದವು. ಬೆರಳಿನ ಹಿಂದಿನ ಮನುಷ್ಯನನ್ನು ಕತ್ತರಿಸಿ ತೆಗೆದಿದ್ದರು.

"ಬೇರೆ ಒಳ್ಳೆ ಫೋಟೋ ಇಲ್ಲ ಮಾರಾಯ," ಯಾಕೂಬ್ ಮೇಲಿನಿಂದಲೇ ಹೇಳಿದ. ಅವನ ಕಣ್ಣುಗಳು ಅತ್ತು ಊದಿದ್ದವು. "ನಮ್ಮ ಜೆರ್ಸಿಯಲ್ಲಿ ಇರುವುದೆಲ್ಲ ಸಾಲಲ್ಲಿ ನಿಂತದ್ದು. ಒಂದರಲ್ಲಿ ಕಣ್ಣು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಬಾಯಲ್ಲಿ ಬೀಡಿ ಉಂಟು."

"ಇದು ಯಾರಿಗೆ ಹೊಡೆದ ಗೋಲು ಅಂತ ಗೊತ್ತುಂಟಾ ನಿಮಗೆ?"

ಊರಲ್ಲಿ ಆ ಪ್ರಶ್ನೆಗೆ ಉತ್ತರವನ್ನು ಎಲ್ಲರಿಗಿಂತ ಸರಿಯಾಗಿ ಬಲ್ಲವನು ಯಾಕೂಬನೇ. ಅವನು ಹಗ್ಗವನ್ನು ನೋಡುತ್ತ ಹೇಳಿದ: "ಈಗಿನ ಹುಡುಗರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ."

"ಫ್ಲೆಕ್ಸಿನ ಫೋಟೋ ವಾಟ್ಸಾಪಲ್ಲಿ ಹೋಗಿ ಮೂಡುಬಿದಿರೆಯವರಿಗೆ ಗೊತ್ತಾಗಿ ಆಯ್ತು," ಎಂದ ಏಣಿ ಹಿಡಿದು ನಿಂತಿದ್ದ ಇಮ್ತಿಯಾಝ್. ಅವನು ಕ್ಲಬ್ಬಿನ ಈಗಿನ ಕ್ಯಾಪ್ಟನ್; ಮೀಸೆಗಿಂತ ಮೊದಲು ಸಿಟ್ಟು ಚಿಗುರಿದ ಪ್ರಾಯ. ಅವನು ಮೊಬೈಲನ್ನು ಎತ್ತಿ ಹಿಡಿದ. ಒಂದು ದಪ್ಪ ಸ್ವರ ಹೊರಗೆ ಬಂತು: "ನಮ್ಮ ಜೆರ್ಸಿಗೆ ಬಣ್ಣ ಬಳಿದದ್ದು ಯಾರು? ಡೊಂಬಯ್ಯ ಮಾತಾಡುವುದು. ನಾವು ಬರ್ತಾ ಇದ್ದೇವೆ. ಮೊಯಿದಿನಬ್ಬಾಕನ ಮುಖ ನೋಡ್ಲಿಕ್ಕೂ ಬರ್ತೇವೆ, ಆ ಫ್ಲೆಕ್ಸ್ ಇಳಿಸ್ಲಿಕ್ಕೂ ಬರ್ತೇವೆ."

"ಬರ್ಲಿ. ನಾವೂ ಇದ್ದೇವಲ್ಲ," ಎಂದ ಇಮ್ತಿಯಾಝ್. ಅಂಗಡಿಗಳ ಮುಂದೆ ಹಸಿರು ಜೆರ್ಸಿಯ ಹುಡುಗರು ಆಗಲೇ ಗುಂಪುಗುಂಪಾಗಿ ಸೇರಿದ್ದರು.

ಇರ್ಷಾದ್ ಏಣಿಯ ಬುಡಕ್ಕೆ ಬಂದ. "ಸಂಜೆ ಅಸರ್ ಹೊತ್ತಿಗೆ ಮಯ್ಯಿತ್ ಈ ದಾರಿಯಲ್ಲೇ ಬರಬೇಕು. ಜಗಳ ಇಲ್ಲದೆ ನನ್ನ ಬಾಪ ಮಣ್ಣಾಗ್ಬೇಕು, ನನಗೆ ಬೇರೆಂತ ಬೇಡ. ಇದನ್ನು ಇಳಿಸಿ."

"ಈಗ ಇಳಿಸಿದ್ರೆ ಹೆದರಿ ಇಳಿಸಿದ ಹಾಗೆ ಆಗ್ತದೆ. ಹುಡುಗರು ಕೇಳುದಿಲ್ಲ, ಇರ್ಷಾದ್," ಎಂದ ಯಾಕೂಬ್.

"ಹಾಗಾದ್ರೆ ನೀವು ನನ್ನ ಬಾಪನ ಮಯ್ಯಿತ್ ಮಂಚಕ್ಕೆ ಹೆಗಲು ಕೊಡುವುದು ಬೇಡ."

ಕೆನ್ನೆಗೆ ಹೊಡೆದಿದ್ದರೂ ಯಾಕೂಬ್ ಅಷ್ಟು ಪೆಚ್ಚಾಗುತ್ತಿರಲಿಲ್ಲ. ಶತ್ರುವಾದರೂ ಸರಿ, ಮಯ್ಯಿತ್ ಹೊರಲು ಬಂದವನ ಹೆಗಲನ್ನು ಆ ಊರಿನಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಇರ್ಷಾದ್ ಕಫನ್ ಕಟ್ಟನ್ನು ಎದೆಗವಚಿಕೊಂಡು ನಡೆದುಬಿಟ್ಟ.

*

ಮೊಯಿದಿನಬ್ಬರಿಗೆ ಹೆದ್ದಾರಿ ಬದಿಯಲ್ಲಿ ಒಂದು ಪಂಕ್ಚರ್ ಅಂಗಡಿ. ಹಗಲು ಲಾರಿಯ ಟಯರು, ಸಂಜೆ ಊರಿನ ಮಕ್ಕಳ ಚೆಂಡು. ಟಯರಿಗೆ ದುಡ್ಡು, ಚೆಂಡಿಗೆ ಬಿಟ್ಟಿ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಹೆಂಡತಿ ಮೈಮೂನಮ್ಮ ಗೊಣಗುತ್ತಿದ್ದರು. ಮೊಯಿದಿನಬ್ಬರ ಎಡಗಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಿನ ಗೋಲು ಕಾಯುವ ಗೋಲಿ ಮೊದಲು ದೇವರನ್ನು ನೆನೆಯುತ್ತಿದ್ದ, ಆಮೇಲೆ ಹಾರುತ್ತಿದ್ದ.

ಮೂವತ್ತನಾಲ್ಕು ದಾಟಿ ಮೊಣಕಾಲು ನೋಯತೊಡಗಿದಾಗ ಹೊಳೆಬದಿಯವರು ಅವರನ್ನು ಬೆಂಚಿನಲ್ಲಿ ಕೂರಿಸಿದರು. ಒಂದು ವರ್ಷ ಕೂತರು. ಮರುವರ್ಷ ಮೂಡುಬಿದಿರೆಯಿಂದ ಡೊಂಬಯ್ಯ ಬಂದು, ಪಂಕ್ಚರ್ ಅಂಗಡಿಯ ಮುರುಕು ಸ್ಟೂಲಿನಲ್ಲಿ ಕೂತು, "ನಮ್ಮಲ್ಲಿ ಆಡಿ ಬ್ಯಾರಿಗಳೇ," ಎಂದ. ಆಡಲು ಕರೆದರೆ ಮೊಯಿದಿನಬ್ಬರು ನರಕಕ್ಕೂ ಹೋಗುವವರೇ, ಮೂಡುಬಿದಿರೆಗೆ ಹೋಗರೇ? ಹೋದರು.

ಬಂಟ್ವಾಳದಲ್ಲಿ ಫೈನಲು. ಎದುರಿಗೆ ಹೊಳೆಬದಿಯೇ. ಹತ್ತು ವರ್ಷದ ಇರ್ಷಾದ್ ಮೈದಾನದ ಗೋಡೆಯ ಮೇಲೆ ಕೂತಿದ್ದ. ಯಾರು ಗೋಲು ಹೊಡೆದರೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡಿದ್ದ. ಹೊಳೆಬದಿಯ ಗೋಲಿ ಹತ್ತೊಂಬತ್ತರ ಯಾಕೂಬ್. ಅವನು ಚೆಂಡು ಹಿಡಿಯಲು ಮುನ್ನುಗ್ಗಿ ಮೊಯಿದಿನಬ್ಬರ ಕಾಲಿಗೇ ಬಿದ್ದ. ಚೆಂಡು ಅವನ ಬೆರಳಿಗೆ ತಾಗದೆ, ಗೇಣು ಆಚೆಯಿಂದ, ಬಲೆಯೊಳಗೆ ಹೋಯಿತು. ಪೇಪರಿನವನೊಬ್ಬ ಆ ಕ್ಷಣವನ್ನೇ ಹಿಡಿದಿದ್ದ. ಮೊಯಿದಿನಬ್ಬರು ಕುಣಿಯಲಿಲ್ಲ. ಬಗ್ಗಿ ಯಾಕೂಬನನ್ನು ಎಬ್ಬಿಸಲು ಕೈ ಚಾಚಿದರು. ಅವನು ಆ ಕೈಯನ್ನು ಕೊಡವಿ ಹಾಕಿದ.

ಆ ಸಂಜೆ ಅವರ ಮನೆಯ ಹಂಚಿನ ಮೇಲೆ ಕಲ್ಲು ಬಿತ್ತು. ಹಂಚು ಒಡೆದು, ಅದರ ಚೂರು ಜಗಲಿಯಲ್ಲಿ ಆಡುತ್ತಿದ್ದ ಪುಟ್ಟ ತಂಗಿ ರಶೀನಾಳ ಹಣೆಗೆ ಇಳಿಯಿತು. ಬಂಟ್ವಾಳದಿಂದ ಮೊದಲೇ ಮರಳಿದ್ದ ಇರ್ಷಾದ್ ಅಂಗಳಕ್ಕೆ ಓಡಿದ. ಬೇಲಿಯಾಚೆ ಯಾಕೂಬ್ ನಿಂತಿದ್ದ, ಗೋಲಿಯ ಹಳದಿ ಅಂಗಿಯಲ್ಲೇ, ಮೊಣಕಾಲಿನಲ್ಲಿ ಬಂಟ್ವಾಳದ ಮಣ್ಣು ಹಾಗೇ ಇತ್ತು. ಮಗುವಿನ ಕಿರುಚಾಟ ಕೇಳಿ ಅವನ ಬಾಯಿ ತೆರೆದಿತ್ತು. ಆಮೇಲೆ ಓಡಿದ.

ಕೊನೆಯ ಬಸ್ಸಿನಲ್ಲಿ ಬಂದ ಮೊಯಿದಿನಬ್ಬರು ಮಗಳ ಹಣೆಗೆ ಕಟ್ಟಿದ ಬಟ್ಟೆಯನ್ನು ನೋಡಿದರು. ಗೆದ್ದು ತಂದ ಕಪ್ಪನ್ನು ನೆಲಕ್ಕಿಟ್ಟರು.

"ನಾನು ನೋಡಿದೆ ಬಾಪ. ಅದು ನಮ್ಮ—"

"ನೀನು ಯಾರನ್ನೂ ನೋಡಿಲ್ಲ. ತಿಳೀತಾ?"

ಇರ್ಷಾದ್ ಅಂದಿನಿಂದ ಯಾರನ್ನೂ ನೋಡಿರಲಿಲ್ಲ. ಮೊಣಕಾಲು ಪೂರ್ತಿ ಕೈಕೊಟ್ಟು ಮರುವರ್ಷ ಬಾಪ ಮತ್ತೆ ಹೊಳೆಬದಿಯ ಮೈದಾನಕ್ಕೇ ಮರಳಿ, ಕಣ್ಣು ಮುಚ್ಚದೆ ಕಾಲಿಗೆ ಬೀಳುವುದು ಹೇಗೆಂದು ಅದೇ ಯಾಕೂಬನಿಗೆ ಕಲಿಸುತ್ತಿದ್ದಾಗಲೂ ನೋಡಿರಲಿಲ್ಲ. ನೋಡದೆ ಉಳಿದದ್ದೆಲ್ಲ ಎದೆಯಲ್ಲಿ ಹುಣ್ಣಾಗಿ ಕೂತಿತ್ತು.

*

ಮಯ್ಯಿತ್ ಮೀಯಿಸುವಾಗ ಇರ್ಷಾದನೇ ಬಾಪನ ಎಡಗಾಲನ್ನು ಎತ್ತಿ ಹಿಡಿದ. ಮೊಣಕಾಲಿನ ಗಂಟು ಬಿರುಸಾಗಿತ್ತು, ಹಿಮ್ಮಡಿಯ ಬಿರುಕಿನಲ್ಲಿ ಟಯರಿನ ಕಪ್ಪು. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ. ಉಜ್ಜುತ್ತ ಉಜ್ಜುತ್ತ ಅವನಿಗೆ ಮೊದಲ ಸಲ ಅಳು ಬಂತು.

ಕೋಣೆಯ ಬಾಗಿಲಲ್ಲಿ ರಶೀನಾ ಅವನನ್ನು ತಡೆದಳು. ಬೆಳ್ತಂಗಡಿಯ ಗಂಡನ ಮನೆಯಿಂದ ಸುದ್ದಿ ಸಿಕ್ಕಿದ ಕೂಡಲೇ ಹೊರಟು ಬಂದಿದ್ದಳು. ಒಳಗೆ ಮೈಮೂನಮ್ಮ ಗೋಡೆಗೆ ಒರಗಿ, ತಣ್ಣಗಾದ ಬೆಳಗಿನ ಚಹಾದ ಲೋಟವನ್ನು ಯಾರಿಗೂ ತೆಗೆಯಲು ಬಿಡದೆ ಕೂತಿದ್ದರು.

"ಯಾಕೂಬಾಕನಿಗೆ ಹೆಗಲು ಬೇಡ ಅಂದಿಯಂತೆ?"

"ನಿನ್ನ ಹಣೆ ಕನ್ನಡಿಯಲ್ಲಿ ನೋಡಿಕೋ. ನಿನಗೆ ಗೊತ್ತಿಲ್ಲ, ರಶೀನಾ."

"ಗೊತ್ತುಂಟು. ನನ್ನ ನಿಕಾಹ್‌ಗೆ ಮೊದಲು ಅವರೇ ಬಂದು ಹೇಳಿದ್ದು. ಈ ಅಂಗಳದಲ್ಲಿ ನಿಂತು ಸಣ್ಣ ಮಕ್ಕಳ ಹಾಗೆ ಅತ್ತರು. ಇರ್ಷಾದನಿಗೆ ಹೇಳುವ ಧೈರ್ಯ ಇಲ್ಲ ಅಂದರು." ಅವಳು ತಲೆಗೆ ಹೊದ್ದ ತಟ್ಟವನ್ನು ಹಣೆಯ ಕಲೆಯ ಮೇಲೆ ಎಳೆದುಕೊಂಡಳು. "ಹಣೆ ನನ್ನದು. ನನಗಿಲ್ಲದ ಸಿಟ್ಟು ನಿನಗೆ ಎಂತಕ್ಕೆ?"

ಹೊರಗಿನಿಂದ ಮಸೀದಿಯ ಉಸ್ತಾದರು ಕರೆದರು. "ಇರ್ಷಾದ್, ತಡ ಮಾಡುವುದು ಬೇಡ. ಆಕಾಶ ನೋಡು. ಮಸೀದಿಯ ಟರ್ಪಾಲು ಮೊನ್ನೆಯ ಗಾಳಿಗೆ ಹರಿದುಹೋಗಿದೆ, ಮಳೆ ಬಂದರೆ ಖಬರಿನ ಗುಂಡಿಗೆ ಹಿಡಿಯಲಿಕ್ಕೆ ಏನೂ ಇಲ್ಲ."

*

"ಲಾ ಇಲಾಹ ಇಲ್ಲಲ್ಲಾಹ್" ಎಂಬ ಸ್ವರದೊಂದಿಗೆ ಮಂಚ ರಸ್ತೆಗೆ ಬಂತು. ಅದರ ಮುಂದಿನ ಬಲಗಾಲಿಗೆ ಹೆಗಲು ಕೊಟ್ಟವನು ಇರ್ಷಾದ್. ಹೆಗಲುಗಳು ಬದಲಾಗುತ್ತಿದ್ದವು, ಅವನು ಮಾತ್ರ ಬಿಟ್ಟುಕೊಡಲಿಲ್ಲ.

ಮಸೀದಿಯ ತಿರುವಿನಲ್ಲಿ ಫ್ಲೆಕ್ಸ್ ಇನ್ನೂ ಅಲ್ಲೇ ಇತ್ತು. ಅದರಡಿ ರಸ್ತೆಯ ಒಂದು ಬದಿ ಹಸಿರು, ಇನ್ನೊಂದು ಬದಿ ನೀಲಿ. ದೂರದಲ್ಲಿ ಒಂದು ಪೊಲೀಸ್ ಜೀಪು. ನೀಲಿಯವರ ಮುಂದೆ ಡೊಂಬಯ್ಯ ನಿಂತಿದ್ದ. ತಲೆ ಪೂರ್ತಿ ನರೆತಿತ್ತು, ಹಳೆಯ ಜೆರ್ಸಿ ಹೊಟ್ಟೆಯ ಮೇಲೆ ಬಿರಿಯುವಂತಿತ್ತು. ಅವನು ಮಂಚಕ್ಕೆ ಕೈಮುಗಿದ. ಆಮೇಲೆ ರಸ್ತೆಯ ನಡುವೆ ಬಂದು ನಿಂತ.

"ಇರ್ಷಾದ್, ನಿನ್ನ ಬಾಪ ನನ್ನ ಜೀವದ ಗೆಳೆಯ. ಆದರೆ ಈ ಸುಳ್ಳಿನ ಅಡಿಯಿಂದ ಅವರನ್ನು ಕೊಂಡು ಹೋಗ್ಲಿಕ್ಕೆ ನಾನು ಬಿಡುದಿಲ್ಲ. ಮುದುಕ ಅಂತ ಮೂಲೆಗೆ ಹಾಕಿದವರು ಇವರು. ಕರೆದು ಆಡಿಸಿದವರು ನಾವು."

"ಯಾರನ್ನು ಯಾರು ಮೂಲೆಗೆ ಹಾಕಿದ್ದು?" ಇಮ್ತಿಯಾಝ್ ಮುಂದೆ ನುಗ್ಗಿದ. "ಹೊಳೆಬದಿಯವರು ಅವರು! ಹುಟ್ಟಿದ್ದೂ ಇಲ್ಲಿ, ಆಡಿದ್ದೂ ಇಲ್ಲಿ!"

"ಪಟ್ಟಿ ನೋಡು ಹೆಗಲಲ್ಲಿ! ಕಣ್ಣು ಕಾಣುದಿಲ್ವಾ?"

ಯಾರೋ ಯಾರನ್ನೋ ದೂಡಿದರು. ದೂಡಿಸಿಕೊಂಡವನು ಹಿಂದಕ್ಕೆ ಬಿದ್ದು ಮಂಚ ಹೊತ್ತವರಿಗೆ ಢಿಕ್ಕಿ ಹೊಡೆದ. ಮಂಚ ವಾಲಿತು. ಒಳಗೆ ಬಾಪನ ಭಾರ ಒಂದು ಬದಿಗೆ ಸರಿದದ್ದು ಇರ್ಷಾದನ ಹೆಗಲಿಗೆ ತಿಳಿಯಿತು. ಅವನ ಬಾಯಿಂದ ಕೂಗಲ್ಲ, ನರಳಿಕೆ ಬಂತು. "ಬೀಳ್ತಾರೆ! ಬಾಪ ಬೀಳ್ತಾರೆ!"

ಹತ್ತು ಕೈಗಳು ಒಮ್ಮೆಗೇ ಮಂಚಕ್ಕೆ ಆತುಕೊಂಡವು. ಅವುಗಳಲ್ಲಿ ಯಾವುದು ಹಸಿರಿನವನದು, ಯಾವುದು ನೀಲಿಯವನದು, ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಆಗಲೇ ಅಂಗಡಿಯ ಮೆಟ್ಟಿಲಿನಿಂದ ಯಾಕೂಬ್ ಏಣಿ ಹೊತ್ತು ಬಂದ. ಕಂಬಕ್ಕೆ ಒರಗಿಸಿದ, ಏರಿದ. ಫ್ಲೆಕ್ಸ್ ಕಾಯಲು ಏರಿದ್ದಾನೆಂದು ಹಸಿರು ಹುಡುಗರು ಹೋ ಎಂದರು. ಅವನು ಜೇಬಿನಿಂದ ಬ್ಲೇಡು ತೆಗೆದು ಹಗ್ಗವನ್ನು ಕೊಯ್ದ. ಒಂದು ಬದಿ ಜೋತುಬಿತ್ತು.

"ಇದು ನಮ್ಮ ಜೆರ್ಸಿ ಅಲ್ಲ," ಎಂದ ಯಾಕೂಬ್ ಏಣಿಯಿಂದಲೇ. "ನೀಲಿ. ಬಂಟ್ವಾಳದ ಫೈನಲು. ಈ ಗೋಲು ಬಿದ್ದದ್ದು ನಮಗೆ. ಗೋಲಿ ನಾನು. ಇಲ್ಲಿ ಅಂಚಿನಲ್ಲಿ ಕಾಣ್ತದಲ್ಲ, ಅದು ನನ್ನ ಕೈ. ಉಳಿದದ್ದನ್ನು ಕತ್ತರಿಸಿ ತೆಗೆಸಿದ್ದೂ ನಾನೇ."

ಇಮ್ತಿಯಾಝ್ ಫ್ಲೆಕ್ಸನ್ನೂ ಯಾಕೂಬನನ್ನೂ ಮಿಕಿಮಿಕಿ ನೋಡಿದ. ಅವನು ಹುಟ್ಟಿದಂದಿನಿಂದ ಕೇಳಿದ ಕತೆಯಲ್ಲಿ ಈ ಸೋಲು ಇರಲೇ ಇಲ್ಲ. ಡೊಂಬಯ್ಯ ರಸ್ತೆಯ ನಡುವಿನಿಂದ ಸರಿದು ನಿಂತು ಮೆಲ್ಲಗೆ ಕೇಳಿದ: "ನಾನೂ ಹಿಡಿಯಬಹುದಾ?"

ಇರ್ಷಾದ್ ಹಿಂದಿನವನಿಗೆ ಸನ್ನೆ ಮಾಡಿದ. ಡೊಂಬಯ್ಯನ ಹೆಗಲು ಮಂಚದಡಿ ಬಂತು. ಯಾಕೂಬನನ್ನು ಯಾರೂ ಕರೆಯಲಿಲ್ಲ. ಅವನು ಫ್ಲೆಕ್ಸನ್ನು ಪೂರ್ತಿ ಇಳಿಸಿ, ಸುತ್ತಿ ಕಂಕುಳಲ್ಲಿಟ್ಟುಕೊಂಡು ಎಲ್ಲರಿಗಿಂತ ಹಿಂದೆ ನಡೆದು ಬಂದ.

*

ಜನಾಝ ನಮಾಝ್ ಮುಗಿಯಿತು. ಖಬರಿನೊಳಗೆ ಇಳಿದವನು ಇರ್ಷಾದ್. ಅವನ ಜೊತೆ ಸೋದರಮಾವ. ಕೆಮ್ಮಣ್ಣಿನ ಗೋಡೆ ತಣ್ಣಗೆ ಬೆನ್ನಿಗೆ ತಾಗುತ್ತಿತ್ತು. ಮೇಲಿನಿಂದ ಬಾಪನನ್ನು ಕೈಗೆ ಕೊಟ್ಟರು. ಅಷ್ಟು ಎತ್ತರದ ಮನುಷ್ಯ ಇಷ್ಟು ಹಗುರವೇ ಎಂದು ಅವನಿಗೆ ದಿಗಿಲಾಯಿತು. ಬಲಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಬಟ್ಟೆ ಸಡಿಲಿಸುತ್ತಿದ್ದಂತೆ ಅವನ ಕೈಯ ಮೇಲೆ ದಪ್ಪ ಹನಿಯೊಂದು ಬಿತ್ತು. ಮತ್ತೊಂದು. ಕಫನಿನ ಮೇಲೆ ಕೆಸರಿನ ಚುಕ್ಕೆ ಎದ್ದಿತು.

"ಟರ್ಪಾಲು! ಯಾರಲ್ಲಾದರೂ ಉಂಟಾ?" ಮೇಲೆ ಉಸ್ತಾದರ ಗಾಬರಿ. ಕೊಡೆಗಳು ಒಂದಕ್ಕೊಂದು ತಾಗಿದವು. ಕೊಡೆಯ ಸಂದಿಯಿಂದ ನೀರು ಇನ್ನೂ ಜೋರಾಗಿ ಸುರಿಯಿತು.

ಇರ್ಷಾದ್ ತಲೆಯೆತ್ತಿದ. ಬಗ್ಗಿ ನೋಡುತ್ತಿದ್ದ ಮುಖಗಳ ಹಿಂದೆ, ಗೋಡೆಯ ಬಳಿ, ಒಬ್ಬ ಕಂಕುಳಲ್ಲಿ ಸುರುಳಿ ಹಿಡಿದು ನೆನೆಯುತ್ತ ನಿಂತಿದ್ದ. ಹತ್ತಿರ ಬರಲು ತನಗೆ ಅಪ್ಪಣೆಯಿಲ್ಲ ಎಂಬಂತೆ ನಿಂತಿದ್ದ. ಇಪ್ಪತ್ತು ಚಿಲ್ಲರೆ ವರ್ಷ ನೋಡದೆ ಇದ್ದವನನ್ನು ಅವನು ನೋಡಿದ.

"ಯಾಕೂಬಾಕ," ಎಂದು ಕೂಗಿದ. "ಬನ್ನಿ. ಬೇಗ ಬನ್ನಿ. ಅದನ್ನು ಬಿಡಿಸಿ ಹಿಡೀರಿ."

ಯಾಕೂಬ್ ಓಡಿದ. ಸುರುಳಿ ಬಿಚ್ಚಿತು. ಒಂದು ಮೂಲೆಗೆ ಡೊಂಬಯ್ಯ, ಒಂದಕ್ಕೆ ಇಮ್ತಿಯಾಝ್, ಒಂದಕ್ಕೆ ನೀಲಿಯ ಇನ್ನೊಬ್ಬ. "ಉಸ್ತಾದರೇ, ಫೋಟೋ ಉಂಟಲ್ಲ ಇದರಲ್ಲಿ, ಖಬರಿನ ಹತ್ತಿರ ಆಗ್ತದಾ," ಎಂದು ಯಾರೋ ಅಳುಕಿದರು.

"ಫೋಟೋ ಮೇಲ್ಮುಖ ಮಾಡಿ ಹಿಡೀರಿ. ಕಫನ್ ಒದ್ದೆ ಆಗ್ತಾ ಉಂಟು!"

ಮಳೆ ಸಟ್ಟನೆ ನಿಂತಂತಾಯಿತು. ನಿಂತದ್ದು ಖಬರಿನೊಳಗೆ ಮಾತ್ರ. ಮೇಲೆ ಅದು ಫ್ಲೆಕ್ಸಿಗೆ ದಬದಬ ಬಡಿಯುತ್ತಿತ್ತು. ನಡುವೆ ನೀರು ತುಂಬಿ ಜಗ್ಗುತ್ತಿತ್ತು. "ಎಳೆದು ಹಿಡೀರಿ ಮಾರಾಯ್ರೇ," ಎನ್ನುತ್ತಿದ್ದ ಡೊಂಬಯ್ಯ. "ಒಬ್ಬ ಬಿಟ್ರೆ ಪೂರ್ತಿ ಅವರ ಮೇಲೆ!"

ಇರ್ಷಾದ್ ಬಾಪನ ತಲೆಯಡಿಗೆ ಮಣ್ಣಿನ ಉಂಡೆ ಇಟ್ಟು ಮತ್ತೊಮ್ಮೆ ಮೇಲೆ ನೋಡಿದ. ಫ್ಲೆಕ್ಸಿನ ಬಿಳಿ ಬೆನ್ನಿನ ಮೂಲಕ ಮೋಡದ ಬೆಳಕು ಇಳಿಯುತ್ತಿತ್ತು. ಅದರಲ್ಲಿ ಬಾಪ ನೆರಳಾಗಿ ಕಾಣುತ್ತಿದ್ದರು, ಕಾಲು ಬೀಸಿಕೊಂಡು. ಅಡಿಯಿಂದ ನೋಡುವವನಿಗೆ ಎಡಗಾಲು ಬಲಗಾಲಾಗಿತ್ತು. ಜೆರ್ಸಿ ಹಸಿರೋ ನೀಲಿಯೋ ತಿಳಿಯುವಂತಿರಲಿಲ್ಲ. ಅಂಚಿನಲ್ಲಿ ಆ ಕತ್ತರಿಸಿಹೋದ ನಾಲ್ಕು ಬೆರಳುಗಳು ಮಸುಕಾಗಿ ಚೆಂಡಿನತ್ತ ಚಾಚಿಕೊಂಡಿದ್ದವು. ಸರಿಯಾಗಿ ಅದೇ ಅಂಚನ್ನು ಯಾಕೂಬ್ ಹಿಡಿದಿದ್ದ. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಅಡಿಗೆ. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ, ನೀರು ಮೊಣಕೈವರೆಗೆ ಇಳಿಯುತ್ತಿದ್ದರೂ ಬಿಡದೆ.