ಕೂದಲೆಳೆಯ ಬಾಗು

ಅಪ್ಪನ ಕನ್ನಡಕದ ಬಲಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮಗಳು ಇನ್ನೊಮ್ಮೆ ಒತ್ತಿದಳು. ಹದಿನೆಂಟು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಊರವರ ಸೊಟ್ಟ ಫ್ರೇಮುಗಳನ್ನೆಲ್ಲ ನೆಟ್ಟಗೆ ಮಾಡಿದ ಬೆರಳುಗಳು. ಇವತ್ತು ಮಾತ್ರ ಅವು ಹೇಳಿದ ಮಾತು ಕೇಳುತ್ತಿರಲಿಲ್ಲ.

"ಆಯ್ತೇನೇ?" ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು. "ಕನ್ನಡಕ ಇಲ್ದೆ ಅವರ ಮುಖ ಯಾರದ್ದೋ ಥರ ಕಾಣುತ್ತೆ. ಹಾಕಿದ್ರೆ ಒಂದು ಕಡೆ ವಾಲುತ್ತೆ. ಜನ್ಮವೆಲ್ಲ ಡೊಂಕು ತಿದ್ದಿದ ಮನುಷ್ಯ ಸೊಟ್ಟ ಕನ್ನಡಕ ಹಾಕ್ಕೊಂಡು ಹೋಗ್ಬೇಕಾ?"

"ಆಯ್ತಮ್ಮ, ಬಂದೆ."

"ಗಾಡಿ ಎರಡು ಗಂಟೆಗೆ ಬರುತ್ತಂತೆ. ಬೇಗ ಬಾ."

ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ. ಮಗಳು ಹೆಗಲಿನ ಚೀಲವನ್ನು ಮುಟ್ಟಿ ನೋಡಿಕೊಂಡಳು. ಬೆಂಕಿಪೊಟ್ಟಣದ ಗಾತ್ರದ, ಎರಡು ಹೋಳಿನ ಉಕ್ಕಿನ ತುಂಡೊಂದು ಅದರ ತಳದಲ್ಲಿ ಭಾರವಾಗಿ ಕೂತಿತ್ತು. ಬೆಳಿಗ್ಗೆ ಯಾರೂ ಏಳುವ ಮೊದಲು ಹಿತ್ತಲಿನ ಶೆಡ್ಡಿನಿಂದ ಕಳ್ಳಿಯ ಹಾಗೆ ಎತ್ತಿಕೊಂಡು ಬಂದಿದ್ದಳು. ಅದನ್ನು ಅಪ್ಪನ ಕೋಟಿನ ಜೇಬಿಗೆ ಹಾಕಬೇಕು, ಕಿವಿಯ ಹತ್ತಿರ ಬಾಗಿ ಒಂದು ಮಾತು ಹೇಳಬೇಕು. ಮೂವತ್ತೆರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತು. ಎರಡೇ ನಿಮಿಷ ಸಾಕು, ಆದರೆ ಹತ್ತಿರ ಯಾರೂ ಇರಬಾರದು. ಸತ್ತವರಿಗೆ ಕಿವಿ ಕೇಳುವುದಿಲ್ಲ ಎನ್ನುವುದು ಅವಳಿಗೂ ಗೊತ್ತು. ಬದುಕಿದ್ದಾಗ, ಎರಡೂ ಕಿವಿ ನೆಟ್ಟಗಿದ್ದಾಗ ಹೇಳಲಿಲ್ಲವಲ್ಲ, ಈಗ ಇದಾದರೂ ಆಗಲಿ ಎಂದುಕೊಂಡಿದ್ದಳು.

ನಡುಮನೆಯಲ್ಲಿ ಶವಪೆಟ್ಟಿಗೆಯ ಮುಚ್ಚಳವನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಮಗಳು ಬಾಗಿ ಕನ್ನಡಕ ತೊಡಿಸಿದಳು. ಈ ಸಲ ಅದು ಸರಿಯಾಗಿ ಕೂತಿತು, ಅಪ್ಪ ಅಪ್ಪನಾದ. "ಅಪ್ಪಾ..." ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ನಮ್ಮ ಗೇಟಿನ ಕೀಲು ಯಾರು ತಿದ್ದಿದ್ದು ಗೊತ್ತಾ? ನಿಮ್ಮಪ್ಪನೇ. ಕೇಳಿರ್ಲೂ ಇಲ್ಲ ನಾವು. ಕಿರ್ರ್ ಅನ್ನೋ ಸದ್ದು ತಡಿಯೋಕಾಗದೆ ತಾವೇ ಬಂದ್ರು ಪುಣ್ಯಾತ್ಮ."

ಆಕೆಯ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮತ್ತೊಬ್ಬರು. ಮಗಳು ಹಿಂದೆ ಸರಿದು ಗೋಡೆಗೆ ಆನಿಕೊಂಡಳು.

*

ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಕಾರಿನ ಓಟ ನಡೆಯುತ್ತಿತ್ತು. ಪ್ರತಿ ಮಗುವಿಗೂ ಒಂದು ಮರದ ತುಂಡು, ನಾಲ್ಕು ಚಕ್ರ, ಚಕ್ರಕ್ಕೊಂದರಂತೆ ನಾಲ್ಕು ಮೊಳೆ. ಆ ಮೊಳೆಗಳೇ ಆಕ್ಸಲ್. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರಾದ ಹಲಗೆಯ ಮೇಲಿಂದ ಬಿಟ್ಟರೆ ಉರುಳಿಕೊಂಡು ಹೋಗಬೇಕು. ದಾರಿ ತಪ್ಪದ ಹಾಗೆ ಹಲಗೆಯ ನಡುವೆ ಒಂದು ಸಣ್ಣ ಪಟ್ಟಿ.

ಕೊಟ್ಟ ಮೊಳೆಗಳಲ್ಲಿ ನೆಟ್ಟಗಿನದು ಒಂದೂ ಇರುತ್ತಿರಲಿಲ್ಲ. ಅಪ್ಪ ಊಟದ ಬಿಡುವಿನಲ್ಲಿ ಅರ ಹಿಡಿದು ಕೂತು, ಉಕ್ಕಿನ ತುಂಡೊಂದನ್ನು ಎರಡು ಹೋಳು ಮಾಡಿ, ನಡುವೆ ಆಕ್ಸಲಿನ ದಪ್ಪಕ್ಕೆ ಸರಿಯಾಗಿ ಗೀರು ತೆಗೆದ. ಆಕ್ಸಲನ್ನು ಗೀರಿನೊಳಗಿಟ್ಟು ತಿರುಗಿಸುತ್ತಾ ಮೇಲಿನ ಹೋಳನ್ನು ಹಿತ್ತಾಳೆ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯಬೇಕು. ಆಮೇಲೆ ಗಾಜಿನ ಮೇಲೆ ಉರುಳಿಸಿ ನೋಡಬೇಕು. ಕುಂಟಿದರೆ ಇನ್ನೂ ಡೊಂಕಿದೆ ಎಂದರ್ಥ. "ನಾಯಿ ಬಾಲಕ್ಕೆ ದಬ್ಬೆ ಕಟ್ಟೋದೊಂದು ಬಾಕಿ ನಿಮಗೆ" ಎಂದು ಅಮ್ಮ ನಗುತ್ತಿದ್ದಳು. ಅಪ್ಪ ಊರಿನ ಮಕ್ಕಳ ಆಕ್ಸಲುಗಳನ್ನೆಲ್ಲ ತಿದ್ದಿಕೊಟ್ಟ. ಮಗಳು ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ನಿಂತು ನೋಡಿ ನೋಡಿಯೇ ಕಲಿತಳು.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಇಬ್ಬರೂ ಸೇರಿ ಹಳದಿ ಕಾರೊಂದನ್ನು ಮಾಡಿದರು. ಓಟದ ಹಿಂದಿನ ಸಂಜೆ ಅದನ್ನು ಗೆಳತಿಗೆ ತೋರಿಸಲು ಹೋಗಿ ಮೆಟ್ಟಿಲ ಮೇಲೆ ಬೀಳಿಸಿದಳು. ಯಾರೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಆಕ್ಸಲುಗಳನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದಳು. ಮೂರು ಸರಿಯಿದ್ದವು. ಮುಂದಿನ ಎಡ ಚಕ್ರದ್ದು ಕುಂಟಿತು. ಬಿದ್ದದ್ದಕ್ಕೇ ಬಗ್ಗಿದೆ! ಅದನ್ನು ಉಕ್ಕಿನ ತುಂಡಿನೊಳಗಿಟ್ಟು ತಿರುಗಿಸಿ ತಿರುಗಿಸಿ ಬಡಿದಳು. ನೀರಿನ ಸದ್ದು ನಿಲ್ಲುವಷ್ಟರಲ್ಲಿ ಚಕ್ರ ಮತ್ತೆ ಜಾಗಕ್ಕೆ ಬಂದಿತ್ತು. ತಾನು ಬಚಾವಾದೆ ಎಂದುಕೊಂಡಳು.

ಹಳದಿ ಕಾರು ಪಟ್ಟಿಯ ಆ ಬದಿಗೊಮ್ಮೆ, ಈ ಬದಿಗೊಮ್ಮೆ ತಲೆ ಬಡಿದುಕೊಳ್ಳುತ್ತಾ ಎಲ್ಲರಿಗಿಂತ ಕೊನೆಯಲ್ಲಿ ಬಂತು.

"ನನ್ನ ಲೆಕ್ಕ ತಪ್ಪಿತು," ಎಂದ ಅಪ್ಪ ಸುತ್ತ ನಿಂತವರಿಗೆ. "ಮುಂದಿನ ಎಡ ಆಕ್ಸಲನ್ನ ಬೇಕಂತಲೇ ಒಂದು ಕೂದಲೆಳೆ ಬಗ್ಗಿಸಿದ್ದೆ. ಕಾರು ನಡುವಿನ ಪಟ್ಟಿಯ ಒಂದೇ ಬದಿಗೆ ಒರಗಿಕೊಂಡು ಸದ್ದಿಲ್ಲದೆ ಇಳೀಬೇಕಿತ್ತು. ಯಾಕೋ ಒರಗಲೇ ಇಲ್ಲ."

"ಊರೋರಿಗೆಲ್ಲ ನೆಟ್ಟಗೆ ಮಾಡ್ಕೊಟ್ಟು ಮನೆಯದನ್ನ ಬಗ್ಗಿಸಿದ್ನಂತೆ ನೋಡ್ರಪ್ಪಾ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವನ ಪಕ್ಕದಲ್ಲಿ ನಿಂತ ಮಗಳಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಮುಂದಿನ ರಜೆಯ ದಿನ ಅಪ್ಪ ಶೆಡ್ಡಿನಿಂದ ಕರೆದ. "ಬಾರೇ, ಹೊಸ ಕಾರು ಶುರು ಮಾಡೋಣ."

"ಓದೋದಿದೆ," ಎಂದಳು.

ಅದರ ಮುಂದಿನ ವಾರವೂ ಓದೋದಿತ್ತು. ಅಪ್ಪ ಮೂರನೆಯ ಸಲ ಕರೆಯಲಿಲ್ಲ. ಆಮೇಲೆ ಯಾರಾದರೂ ಆಕ್ಸಲ್ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದ ಕೂಡಲೆ ಹೆಗಲು ಮುಟ್ಟಿಕೊಂಡವರ ಹಾಗೆ ಅವಳು ಎದ್ದು ಹೋಗುತ್ತಿದ್ದಳು. ಶೆಡ್ಡಿನ ಹೊಸ್ತಿಲು ದಾಟಲೇ ಇಲ್ಲ, ಇವತ್ತು ಬೆಳಿಗ್ಗೆಯವರೆಗೆ.

*

ಒಂದೂವರೆಗೆ ಮೈಕ್ರಾನ್ ಬಂದರು. ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಮೆಷಿನ್ನಿನಲ್ಲಿ ಇಪ್ಪತ್ತಾರು ವರ್ಷ ನಿಂತವರು. ಏನನ್ನೇ ಆಗಲಿ ಮೂರು ಸಲ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನವರೆಗೂ ಅಳೆಯುತ್ತಿದ್ದರಿಂದ ಬಂದ ಹೆಸರು ಅದು. ನಿಜವಾದ ಹೆಸರು ಅವರ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ. ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತು, ಕನ್ನಡಕವನ್ನು ಒಂದು ಕಣ್ಣು ಮುಚ್ಚಿ ನೋಡಿದರು.

"ಮಟ್ಟಕ್ಕೆ ಸರಿಯಾಗಿದೆ. ಯಾರು ಕೂರಿಸಿದ್ದು?"

"ನಾನು."

"ಮತ್ತಿನ್ಯಾರು!" ಎಂದು ತಮ್ಮಷ್ಟಕ್ಕೇ ಅಂದು, ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಜೇಬಿನಿಂದ ಗಂಟಲು ಮಾತ್ರೆಯ ಹಳೆಯ ಡಬ್ಬಿ ತೆಗೆದರು. ಒಳಗೆ ಹತ್ತಿ, ಹತ್ತಿಯ ಮೇಲೆ ಎಣ್ಣೆ ಸವರಿದ ಒಂದೇ ಒಂದು ಮೊಳೆ.

"ಇದು ನಿನ್ನದು. ರಿಟೈರ್ ಆಗೋವಾಗ ಕಾರ್ಖಾನೆಯಲ್ಲೇ ಇರಲಿ ಅಂತ ನನ್ನ ಕೈಗೆ ಕೊಟ್ಟಿದ್ದ. ನಾನು ಬಿಟ್ಟ ಮೇಲೆ ನನ್ನ ಹತ್ರಾನೇ ಉಳೀತು."

"ಏನು ಅಂಕಲ್ ಇದು?"

"ಹಳದಿ ಕಾರಿನ ಆಕ್ಸಲ್ಲು. ಮುಂದಿನ ಎಡ."

ಅವಳು ಶೆಡ್ಡಿನ ಮೆಟ್ಟಿಲ ಮೇಲೆ ಕೂತಳು.

"ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನ ಇದನ್ನೇ ಕೊಡ್ತಿದ್ದ. ಗಾಜಿನ ಮೇಲೆ ಉರುಳಿಸಿ ನೋಡಿ ಅಂತ. ಇಷ್ಟು ನೆಟ್ಟಗೆ ಮಾಡೋಕೆ ಬರೋವರೆಗೂ ನನ್ನ ಮುಂದೆ ಬರ್ಬೇಡಿ ಅಂತಿದ್ದ. ಯಾರು ಮಾಡಿದ್ದು ಸಾರ್ ಅಂತ ಕೇಳಿದ್ರೆ, ಒಂಬತ್ತು ವರ್ಷದ ಹುಡುಗಿ ಅನ್ನೋನು. ಆಗ ಅವನ ಮುಖ ನೋಡ್ಬೇಕಿತ್ತು ನೀನು."

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಾಗದೆ? ಅವತ್ತು ಸಂಜೇನೇ ಬಿಚ್ಚಿ ಉರುಳಿಸಿ ನೋಡ್ದ. ತಾನು ಬಗ್ಗಿಸಿದ್ದು ನೆಟ್ಟಗಾಗಿದೆ! ಮನೆಯಲ್ಲಿ ಸುತ್ತಿಗೆ ಹಿಡಿಯೋರು ಇನ್ಯಾರಿದ್ರು? ಆದ್ರೂ ಆ ನಗೆಪಾಟಲನ್ನ ಕೊನೇವರೆಗೂ ತನ್ನ ತಲೆ ಮೇಲೇ ಹೊತ್ಕೊಂಡ. ಯಾರಿಗೂ ಬಿಟ್ಟುಕೊಡ್ಲಿಲ್ಲ."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಅಂಕಲ್!" ಅವಳ ದನಿ ಏರಿತು. "ಒಂದೇ ಒಂದು ಮಾತು!"

"ನಾನೂ ಅದನ್ನೇ ಅಂದೆ. 'ಕೇಳಿದ್ರೆ ಬೈದ ಹಾಗಾಗುತ್ತೆ ಕಣೋ. ಅವಳಾಗೇ ಹೇಳ್ತಾಳೆ. ಆಗ ಹೇಳ್ತೀನಿ, ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿದೆ ಅಂತ' ಅಂದ." ಮೈಕ್ರಾನ್ ಮುಚ್ಚಳ ಒರೆಸಿ ಡಬ್ಬಿಯನ್ನು ಅವಳ ಕೈಗಿಟ್ಟರು. "ನೀನು ಶೆಡ್ಡಿಗೆ ಬರೋದೇ ಬಿಟ್ಟೆ. ಎಣ್ಣೆ ಜಿಡ್ಡು ಅವಳಿಗೆ ಹಿಡಿಸ್ಲಿಲ್ಲ ಅಂದ್ಕೊಂಡ. ಆ ಕೊರಗು ಅವನಿಗೆ ಇತ್ತು, ಸುಳ್ಳು ಯಾಕೆ ಹೇಳ್ಲಿ."

ಮಾತಿಗಿಂತ ಮೌನವೇ ಬಂಗಾರ ಎಂದವರು ಈ ಮನೆಗೆ ಬಂದು ನೋಡಬೇಕಿತ್ತು. ಮಗಳು ಹೇಳಲಿ ಎಂದು ಅಪ್ಪ ಕಾದ, ಅಪ್ಪನಿಗೆ ತಿಳಿಯದಿರಲಿ ಎಂದು ಮಗಳು ಅಡಗಿದಳು. ಒಂದೇ ಮೇಜಿನಲ್ಲಿ ಎದುರುಬದುರು ಕೂತು ಎಷ್ಟು ಸಾವಿರ ಸಲ ಊಟ ಮಾಡಿದ್ದರೋ. ಹೋದ ತಿಂಗಳು ಕೂಡ ಅಪ್ಪ ಅಂಗಡಿಗೆ ಬಂದು, ಅವಳು ಗಿರಾಕಿಯ ಫ್ರೇಮು ತಿದ್ದುವುದನ್ನು ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕೂತಿದ್ದ. ಮನೆಯಲ್ಲಿ ಹೊತ್ತು ಹೋಗದೆ ಬಂದಿದ್ದಾನೆ ಎಂದುಕೊಂಡು ಅವಳು ಟೀ ತರಿಸಿಕೊಟ್ಟಿದ್ದಳು. ಅದು ನೆನಪಾಗಿ ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಎರಡೂ ಕೂಡಿ ಅಳುವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಉಕ್ಕಿನ ತುಂಡನ್ನು ತೆಗೆದಳು. "ಇದನ್ನ ಅಪ್ಪನ ಜೇಬಿಗೆ ಹಾಕೋಣ ಅಂತಿದ್ದೆ."

"ಬೇಡ," ಎಂದರು ಮೈಕ್ರಾನ್. "ಅದನ್ನ ಯಾರಿಗೆ ಅಂತ ತುಕ್ಕು ಹಿಡಿಯದ ಹಾಗೆ ಇಟ್ಟಿದ್ದ ಅಂದ್ಕೊಂಡೆ?"

ಒಳಗಿನಿಂದ ತಮ್ಮನ ದನಿ ಕೇಳಿಸಿತು. "ಅಕ್ಕಾ! ಗಾಡಿ ಬಂತು!"

ಅವಳು ಓಡಿದಳು. ನಡುಮನೆಯಲ್ಲಿ ಇಬ್ಬರು ಮುಚ್ಚಳದ ಕೊನೆಯ ತಿರುಪು ಬಿಗಿಯುತ್ತಿದ್ದರು. "ತೆಗೀರಿ, ಎರಡೇ ನಿಮಿಷ," ಎನ್ನಬೇಕೆಂದುಕೊಂಡಳು. ಅಮ್ಮ ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ಅದನ್ನು ನೋಡಿ ಮಾತು ಹೊರಡಲಿಲ್ಲ. ಈ ಸಲವೂ ಹೊರಡಲಿಲ್ಲ.

*

ಗಾಡಿಯೊಳಗೆ ಪೆಟ್ಟಿಗೆಯ ಒಂದು ಬದಿಗೆ ಅಕ್ಕ, ಎದುರು ಬದಿಗೆ ತಮ್ಮ. ಅಮ್ಮ ಮುಂದೆ ಡ್ರೈವರನ ಪಕ್ಕ ಕೂತಿದ್ದಳು. ಬೀದಿಯ ತುದಿಯಲ್ಲಿ ಸಿಗ್ನಲ್ ಕೆಂಪಾಗಿ ಗಾಡಿ ನಿಂತಿತು. ಪಾಲಿಶ್ ಮಾಡಿದ ಮುಚ್ಚಳದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಸುತ್ತ ಬೆರಳು ದಪ್ಪದ ಅಂಚು.

ಅವಳು ಡಬ್ಬಿ ತೆರೆದು ಆಕ್ಸಲನ್ನು ಮುಚ್ಚಳದ ಮೇಲೆ, ಅಪ್ಪನ ಎದೆ ಇರುವ ಕಡೆ, ತನಗೆ ಅಡ್ಡಲಾಗಿ ಮಲಗಿಸಿದಳು.

"ಏನಕ್ಕ ಅದು?" ಎಂದ ತಮ್ಮ.

ಅವಳು ಅವನ ಕಡೆ ನೋಡಲಿಲ್ಲ. "ನಾನೇ, ಅಪ್ಪಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನೆಟ್ಟಗೆ ಮಾಡಿದ್ದು ನಾನೇ."

ಅಮ್ಮ ತಿರುಗಿ ನೋಡಿದಳು. ಅವಳು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಆಕ್ಸಲ್ ಉರುಳಿತು. ಎಲ್ಲಿಯೂ ಕುಂಟದೆ, ಸದ್ದಿಲ್ಲದೆ ಆಚೆಯ ಅಂಚಿನವರೆಗೂ ಹೋಗಿ, ಅದಕ್ಕೆ ಒರಗಿ ನಿಂತಿತು.